ಫುನಾಕೋಶಿ ಬಗ್ಗೆ ಫ್ಲೆಕ್ಸ್ ಬರೀಬೇಕು: ಯಾವುದು ಅವರದು, ಯಾವುದು ಆಮ್ಯಾಲ ಬಂದದ್ದು?

ಬೆಟಗೇರಿ_ಡೋಜೊ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಶೊಟೊಕಾನ್ ಶೈಲಿಯ ಕರಾಟೆ ಕ್ಲಾಸು. ನವೆಂಬರ್ 10ಕ್ಕ, ಕರಾಟೆ ಗುರು ಫುನಾಕೋಶಿ ಗಿಚಿನ್ ಅವರ ಜನ್ಮದಿನಕ್ಕ, ಗದಗಿನ್ಯಾಗ ಸಣ್ಣ ಕಾರ್ಯಕ್ರಮ ಇಟ್ಟೀವಿ. ಆರು ಅಡಿ ಉದ್ದ ನಾಲ್ಕು ಅಡಿ ಅಗಲದ ಫ್ಲೆಕ್ಸ್ ಒಂದು, ಹತ್ತು ನಿಮಿಷದ ಮಾತು, ಆಮ್ಯಾಲ 8ರಿಂದ 14 ವರ್ಷದ 30 ಮಕ್ಕಳ ಕಟಾ (ಕ್ರಮ ಗೊತ್ತುಮಾಡಿದ ಚಲನೆಗಳ ಸರಣಿ) ಪ್ರದರ್ಶನ.

ಫ್ಲೆಕ್ಸಿಗೆ ಬರೀಲಿಕ್ಕೆ ಕುಂತರ ಒಂದೊಂದು ಕಡೆ ಒಂದೊಂದು ಐತಿ. ಹುಟ್ಟಿದ್ದು 1868 ಅಂತ ಒಬ್ರು, 1870 ಅಂತ ಇನ್ನೊಬ್ರು. "ಕರಾಟೆಯ ಜನಕ" ಅಂತ ಬರದ್ರ ತಪ್ಪಾ? ಕರಿ ಬೆಲ್ಟು, ಕುಮಿತೆ (ಇಬ್ಬರು ಎದುರುಬದುರು ಮಾಡೋ ಕಾದಾಟ), ಕ್ಲಾಸ್ ಮುಗಿದ ಮ್ಯಾಲ ಹೇಳೋ ಐದು ಸಾಲಿನ ನಿಯಮ ದೋಜೊ ಕುನ್, ಶೊಟೊಕಾನ್ ಲಾಂಛನದ ಹುಲಿ ಚಿತ್ರ, ಇವೆಲ್ಲಾ ಅವರದನಾ? ಇನ್ನೊಂದು, ಹಳೇ ಫೋಟೋದಾಗ ಅವರು ಮೊಣಕಾಲು ಹೆಚ್ಚು ಮಡಚದಂಗ ಎತ್ತರಕ್ಕ ನಿಂತಿರ್ತಾರ. ನಾವು ಗ್ರೇಡಿಂಗಿನ್ಯಾಗ (ಬೆಲ್ಟ್ ಪರೀಕ್ಷೆಯೊಳಗ) ಅಷ್ಟು ಎತ್ತರ ನಿಂತ ಹುಡುಗನ ಮಾರ್ಕ್ಸ್ ಕಡೀತೀವಿ. ಪಾಲಕರು ಕೇಳಿದ್ರ ಏನ್ ಹೇಳೂದು?

ಕಡೇದು, ಅಂಗಳದಾಗ ಮಾಕಿವಾರಾ (ಗುದ್ದೋ ಅಭ್ಯಾಸದ) ಕಂಬ ನೆಡೋದೈತಿ. ಎರಿ ಮಣ್ಣು, ಮಳಿಗಾಲ ದಾಟಿದ್ರ ಕಂಬ ಅಳ್ಳಾಡ್ತೈತಿ. ಉಪಾಯ ಗೊತ್ತಿದ್ದವರು ಹೇಳ್ರಿ.

ಸಾಧನಕೇರಿ_ದಂಡಿ

ತಾರೀಖಿನಿಂದ ಶುರು ಮಾಡೂಣು. 1868 ನವೆಂಬರ್ 10, ಓಕಿನಾವಾದ ಶುರಿ ಪಟ್ಟಣ, ಹಿಂಗ ಬರೀರಿ. 1870 ಸುಳ್ಳೂ ಅಲ್ಲ, ಅದು ಸರಕಾರಿ ದಾಖಲೆಯೊಳಗಿನ ವರ್ಷ. ಟೋಕಿಯೊದ ವೈದ್ಯಕೀಯ ಶಾಲೆಯ ಪರೀಕ್ಷೆಗೆ 1870 ಇಲ್ಲಾ ಅದರ ಆಮ್ಯಾಲ ಹುಟ್ಟಿದವರಿಗಷ್ಟ ಅವಕಾಶ ಇತ್ತು. ಅದಕ್ಕ ಫುನಾಕೋಶಿ ತಮ್ಮ ವರ್ಷಾ ತಾವೇ ತಿದ್ದಿಸಿದ್ರು, ಆತ್ಮಕಥೆಯೊಳಗ ಹೇಳ್ಕೊಂಡಾರ. ಪರೀಕ್ಷೆ ಪಾಸಾದ್ರು, ಖರೆ ಸೇರಲಿಲ್ಲ. ಹೊಸ ಸರಕಾರ ಗಂಡಸರ ಜುಟ್ಟು ತಗಸ್ಬೇಕು ಅಂತಿತ್ತು, ಅವರ ಮನಿತನ ಅದಕ್ಕ ಒಪ್ಪಲಿಲ್ಲ. ಜುಟ್ಟು ಕಡೀಕೂ ಹೋತು, 1888ರ ಸುಮಾರಿಗೆ ಪ್ರಾಥಮಿಕ ಶಾಲೆಗೆ ಶಿಕ್ಷಕರಾಗಿ ಸೇರಿದಾಗ. ಮೂವತ್ತು ವರ್ಷದ ಮ್ಯಾಲ ಅದೇ ನೌಕರಿ. ಅಂದ್ರ ನಮ್ಮ ಕಡೆ ಮಾತಿನ್ಯಾಗ ಕನ್ನಡ ಸಾಲಿ ಮಾಸ್ತರು ಇದ್ಹಂಗ. ನಿಮ್ಮ ಹತ್ತು ನಿಮಿಷದ ಮಾತಿಗೆ ಇದನ್ನ ಬೆನ್ನೆಲುಬು ಮಾಡ್ಕೋರಿ, ಯಾಕಂದ್ರ ಅವರು ಕರಾಟೆಗೆ ಮಾಡಿದ್ದೆಲ್ಲಾ ಒಬ್ಬ ಸಾಲಿ ಮಾಸ್ತರ ಮಾಡೋ ಕೆಲಸ: ಹೆಸರು ಸುಲಭ ಮಾಡಿದ್ದು, ಪಾಠದ ಕ್ರಮ ಬದಲಿಸಿದ್ದು, ಪುಸ್ತಕ ಬರದದ್ದು, ಕಾಲೇಜಿನ ಹುಡುಗರಿಗೆ ಕಲಿಸಿದ್ದು.

"ಕರಾಟೆಯ ಜನಕ" ಬ್ಯಾಡ. "ಆಧುನಿಕ ಜಪಾನಿ ಕರಾಟೆಯ ಜನಕ" ಅಂದ್ರ ನಡೀತದ. ಅವರಿಗಿಂತ ಮೊದಲೇ ಓಕಿನಾವಾದಾಗ ವಿದ್ಯೆ ಇತ್ತು. ಅವರ ಇಬ್ಬರು ಗುರುಗಳು ಅಸಾಟೊ ಅಂಕೊ, ಇತೊಸು ಅಂಕೊ. 1900ರ ದಶಕದಾಗ ಕರಾಟೆಯನ್ನ ಓಕಿನಾವಾದ ಶಾಲೆಗೆ ತಂದವರು ಇತೊಸು, ನಿಮ್ಮ ಮಕ್ಕಳು ಮಾಡೋ ಐದು ಹೇಯಾನ್ ಕಟಾ ಕಟ್ಟಿದವರೂ ಅವರೇ. ಇದನ್ನ ಬಿಟ್ಟು ಫುನಾಕೋಶಿ ಒಬ್ಬರ ಹೆಸರು ಹಾಕಿದ್ರ ಗುರುವಿಗೆ ಅನ್ಯಾಯ ಆಗ್ತದ, ಅವರು ಇದ್ದಿದ್ರ ಮೊದಲು ಅವರೇ ಸಿಟ್ಟಾಗ್ತಿದ್ರು.

ವರ್ಷಗಳು ಬೇಕಾದ್ರ: 1917ರಲ್ಲಿ ಕ್ಯೋಟೊದ ಸಮರಕಲಾ ಭವನ ಬುತೊಕುದೆನ್‌ನಲ್ಲಿ ಪ್ರದರ್ಶನ. 1921ರಲ್ಲಿ ಯುವರಾಜ ಹಿರೊಹಿತೊ ಓಕಿನಾವಾಕ್ಕ ಬಂದಾಗ ಶುರಿ ಕೋಟೆಯೊಳಗ ಪ್ರದರ್ಶನ. 1922ರಲ್ಲಿ ಟೋಕಿಯೊದ ದೈಹಿಕ ಶಿಕ್ಷಣ ಪ್ರದರ್ಶನಕ್ಕ ಹೋದ್ರು, ಆಗ ವಯಸ್ಸು 53. ಜುಡೊ ಕಟ್ಟಿದ ಕಾನೊ ಜಿಗೊರೊ ಅವರು ತಮ್ಮ ಜುಡೊ ಶಾಲೆ ಕೊಡೊಕಾನ್‌ಗೆ ಕರಸಿ ಮತ್ತ ಮಾಡಿಸಿ ನೋಡಿದ್ರು. ಅಲ್ಲಿ ಫುನಾಕೋಶಿ ಕುಶಾಂಕು ಕಟಾ ಮಾಡಿದ್ರು, ಜೊತಿಗಿದ್ದ ಗಿಮಾ ಶಿಂಕಿನ್ ನಾಯ್ಹಾಂಚಿ ಮಾಡಿದ್ರು. ವಾಪಸ್ ಊರಿಗೆ ಹೋಗಬೇಕಂದವರು ಅಲ್ಲೇ ಉಳಿದ್ರು. ಓಕಿನಾವಾ ವಿದ್ಯಾರ್ಥಿಗಳ ಹಾಸ್ಟೆಲ್ ಮೇಯ್‌ಸೇಯ್ ಜುಕುದೊಳಗ ಕಾವಲು, ಕಸ ಹೊಡಿಯೂದು, ತೋಟದ ಕೆಲಸ, ಸಂಜೀಕೆ ಕ್ಲಾಸು. ಹೆಂಡತಿ ಓಕಿನಾವಾದಾಗೇ ಉಳಿದ್ರು. ಯುದ್ಧ ಮುಗಿದ ಮ್ಯಾಲಷ್ಟ ಇಬ್ಬರೂ ಒಂದು ಕಡೆ ಸೇರಿದ್ದು, 1947ರಲ್ಲಿ ಹೆಂಡತಿ ತೀರಿಹೋದ್ರು. 1922ರ ಮೊದಲ ಪುಸ್ತಕದ ಅಚ್ಚಿನ ಫಲಕ 1923ರ ಭೂಕಂಪದಾಗ ಹಾಳಾದ್ವು, 1925ರಲ್ಲಿ ತಿದ್ದಿ ಮತ್ತ ತಂದ್ರು. 1935ರಲ್ಲಿ ದೊಡ್ಡ ಪುಸ್ತಕ "ಕರಾಟೆ-ದೊ ಕ್ಯೋಹಾನ್". ತೀರಿಕೊಂಡದ್ದು 1957 ಏಪ್ರಿಲ್ 26, ವಯಸ್ಸು 88. ನೀವು 1870 ಹಾಕಿದ್ರ ಈ 88ರ ಲೆಕ್ಕ ಕೂಡೂದಿಲ್ಲ, ಸಭಾದಾಗ ಯಾರರ ಬೆರಳು ಮಡಚಿ ಎಣಸ್ತಾರ.

ಕಟಾ_ಹಾವೇರಿ

ಮೇಲಿನವರು ಹೇಳಿದ "ಹೆಸರು ಸುಲಭ ಮಾಡಿದ್ದು" ಎನ್ನುವುದನ್ನು ಬಿಡಿಸಿ ಹೇಳುತ್ತೇನೆ, ಪ್ರದರ್ಶನದ ದಿನ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಓಕಿನಾವಾದ ಪಿನಾನ್‌ಗಳಿಗೆ ಫುನಾಕೋಶಿ ಇಟ್ಟ ಹೆಸರು ಹೇಯಾನ್. ನಾಯ್ಹಾಂಚಿ ಆಯಿತು ತೆಕ್ಕಿ, ಪಾಸ್ಸಾಯ್ ಆಯಿತು ಬಾಸ್ಸಾಯ್, ಕುಶಾಂಕು ಆಯಿತು ಕಾಂಕು, ವಾನ್ಶು ಆಯಿತು ಎಂಪಿ, ಚಿಂತೊ ಆಯಿತು ಗಾಂಕಾಕು, ಸೇಯ್‌ಸಾನ್ ಆಯಿತು ಹಾಂಗೆತ್ಸು. ಜಿತ್ತೆ ಮತ್ತು ಜಿಯೊನ್ ಹೆಸರು ಹಾಗೇ ಉಳಿದವು. 1935ರ ಪುಸ್ತಕದಲ್ಲಿರುವುದು ಒಟ್ಟು 15 ಕಟಾ: ಹೇಯಾನ್ ಐದು, ತೆಕ್ಕಿ ಮೂರು, ಉಳಿದವು ಏಳು. ಈಗಿನ ಶೊಟೊಕಾನ್ ಪಟ್ಟಿಯಲ್ಲಿರುವ 26 ಅವರ ಕಾಲದ ನಂತರದ ಲೆಕ್ಕ. ಫ್ಲೆಕ್ಸಿನಲ್ಲಿ "26 ಕಟಾಗಳನ್ನು ರಚಿಸಿದರು" ಎಂದು ದಯವಿಟ್ಟು ಬರೆಯಬೇಡಿ. ಅದರಲ್ಲಿ ಸಂಖ್ಯೆಯೂ ತಪ್ಪು, ಕ್ರಿಯಾಪದವೂ ತಪ್ಪು.

ಹೆಸರಿಗಿಂತ ದೊಡ್ಡ ಬದಲಾವಣೆ ಕ್ರಮದ್ದು. ಇತೊಸು ಅವರ ಪಿನಾನ್ ಶೋದಾನ್ (ಒಂದನೆಯದು) ಮೊದಲ ಪಾಠಕ್ಕೆ ತುಸು ಕಷ್ಟ, ನಿದಾನ್ (ಎರಡನೆಯದು) ಸರಳ. ಫುನಾಕೋಶಿ ಇವೆರಡನ್ನು ಅದಲುಬದಲು ಮಾಡಿದರು. ಆದ್ದರಿಂದ ನಮ್ಮ ಹೇಯಾನ್ ಶೋದಾನ್ ಎಂದರೆ ಶಿತೊ-ರ್‍ಯೂ, ವಾದೊ-ರ್‍ಯೂ ಕ್ಲಾಸಿನವರ ಪಿನಾನ್ ನಿದಾನ್. ನಿಮ್ಮ ಕಾರ್ಯಕ್ರಮಕ್ಕೆ ಬೇರೆ ಶೈಲಿಯ ಮಕ್ಕಳೂ ಬರುವುದಿದ್ದರೆ ಮೈಕಿನಲ್ಲಿ ಬರೀ "ಶೋದಾನ್" ಎಂದು ಕೂಗಬೇಡಿ, ಅರ್ಧ ಸಾಲು ಒಂದು ಕಟಾ, ಉಳಿದರ್ಧ ಇನ್ನೊಂದು ಶುರು ಮಾಡುತ್ತದೆ. ಪೂರ್ತಿ ಹೆಸರು ಹೇಳಿ.

30 ಮಕ್ಕಳನ್ನು ಒಟ್ಟಿಗೆ ವೇದಿಕೆಗೆ ಹತ್ತಿಸುವುದು ಆಗದ ಮಾತು. ಹೇಯಾನ್ ಶೋದಾನ್ 21 ಚಲನೆ, ಕಿಯಾಯ್ (ಜೋರು ಕೂಗು) 9ರಲ್ಲಿ ಮತ್ತು 17ರಲ್ಲಿ. ಮುಂದಕ್ಕೆ ಹೋಗುವಾಗ ಎಡಕ್ಕೆ ತಿರುಗಿ ಗೆದಾನ್ ಬರಾಯ್ (ಕೆಳಗಿನ ತಡೆ), ಆಮೇಲೆ ಮೂರು ಹೆಜ್ಜೆ ಅಗೆ-ಉಕೆ (ಮೇಲಿನ ತಡೆ). ಹಿಂದಕ್ಕೆ ಬರುವಾಗ ಗೆದಾನ್ ಬರಾಯ್, ಮೂರು ಹೆಜ್ಜೆ ಓಯ್-ಜುಕಿ (ಹೆಜ್ಜೆ ಇಟ್ಟು ಗುದ್ದು). ಹತ್ತು ವರ್ಷದ ಮಗುವಿನ ಮುಂಗಾಲು ನಿಲುವು ಸುಮಾರು ಎರಡು ಅಡಿ ಉದ್ದ ಎಂದುಕೊಂಡರೂ ತಲೆಗೆ ಹತ್ತಡಿ ಚೌಕ ಬೇಕು. 30 ಅಡಿಗೆ 20 ಅಡಿ ವೇದಿಕೆಯಾದರೆ ಆರು ಜನ, ಅಂದರೆ ಐದು ತಂಡ. ಅಂಗಳದಲ್ಲೇ ಮಾಡಿಸಿದರೆ ಎಲ್ಲರೂ ಹಿಡಿಯುತ್ತಾರೆ, ಆದರೆ ಹಿಂದಿನ ದಿನ ಸುಣ್ಣದ ಗುರುತು ಹಾಕಿ.

ಕೆಡುವುದು ಎಲ್ಲಿ ಎಂದರೆ ವಾಪಸಾತಿಯಲ್ಲಿ. ಅಗೆ-ಉಕೆಯಲ್ಲಿ ಮಗು ಉತ್ಸಾಹದಿಂದ ಉದ್ದ ಹೆಜ್ಜೆ ಇಡುತ್ತದೆ, ಓಯ್-ಜುಕಿಯಲ್ಲಿ ಸುಸ್ತಾಗಿ ಹೆಜ್ಜೆ ಗಿಡ್ಡ ಮಾಡುತ್ತದೆ, ಕೊನೆಗೆ ಹೊರಟ ಜಾಗಕ್ಕಿಂತ ಒಂದಡಿ ಮುಂದೆಯೇ ನಿಲ್ಲುತ್ತದೆ. ಎರಡನೆಯದು 10 ಮತ್ತು 18ನೇ ಚಲನೆಯ ಮುಕ್ಕಾಲು ಸುತ್ತು. ಹಿಂಗಾಲನ್ನು ಸಾಕಷ್ಟು ಅಡ್ಡಕ್ಕೆ ಒಯ್ಯದೆ ತಿರುಗಿದರೆ ಎರಡೂ ಪಾದ ಒಂದೇ ಗೆರೆಗೆ ಬಂದು ಮಗು ತೂಗಾಡುತ್ತದೆ. ತಿರುಗುವ ಮೊದಲು ಪಾದ ಎಲ್ಲಿ ಬೀಳಬೇಕೋ ಅಲ್ಲಿ ಸುಣ್ಣದ ಚುಕ್ಕೆ ಇಟ್ಟು ಹತ್ತು ಸಲ ಬರೀ ಆ ಸುತ್ತು ಮಾಡಿಸಿ, ಪೂರ್ತಿ ಕಟಾ ಆಮೇಲೆ.

ಗರಡಿ_ಮಂದಿ_ಹುಬ್ಬಳ್ಳಿ

ಮಾಕಿವಾರಾ ಪ್ರಶ್ನೆ ನಂಗ ಬಿಡ್ರಿ.

ಕಂಬ ಒಟ್ಟು ಏಳಡಿ, ನೆಲದಾಗ ಎರಡೂವರಿ, ಮ್ಯಾಲ ನಾಲ್ಕೂವರಿ. ಅಗಲ ನಾಲ್ಕು ಇಂಚು. ಬುಡದಾಗ ಮೂರು ಇಂಚು ದಪ್ಪ, ಅಲ್ಲಿಂದ ಸವರ್ಕೋತ ಹೋಗಿ ತುದಿಗೆ ಮುಕ್ಕಾಲು ಇಂಚು. ಈ ಸವರಿದ್ದರಾಗ ಕಂಬದ ಜೀವ ಐತಿ. ತುದಿ ಒತ್ತಿದ್ರ ಎರಡು ಮೂರು ಇಂಚು ಬಾಗಿ ವಾಪಸ್ ಬರಬೇಕು. ಬಾಗದ ಕಂಬ ಅಂದ್ರ ಗ್ವಾಡಿಗೆ ಗುದ್ದಿದ್ಹಂಗ, ಮಣಿಕಟ್ಟು ಹೋಗತೈತಿ. ಸಾಗವಾನಿ ಆಗತೈತಿ, ಎಳಿ ನೆಟ್ಟಗ ಉದ್ದಕ್ಕ ಹೋಗಿರೋ ತುಂಡು ನೋಡಿ ತಗೋರಿ. ಗಂಟಿದ್ರ ಅಲ್ಲೇ ಮುರೀತೈತಿ.

ಈಗ ಎರಿ ಮಣ್ಣು. ಮಳಿಗೆ ಉಬ್ಬತೈತಿ, ಬ್ಯಾಸಿಗಿಗೆ ಬಿರಿತೈತಿ, ಕಂಬದ ಸುತ್ತ ಬೆರಳು ಹೋಗುವಷ್ಟು ಸಂದು ಬೀಳತೈತಿ. ಆ ಮಣ್ಣನ್ನ ವಾಪಸ್ ತುಂಬಿದ್ರ ಎಷ್ಟು ಜಡದ್ರೂ ಅಷ್ಟ. ಎರಡಡಿ ಚೌಕ, ಮೂರಡಿ ಆಳ ತಗ್ಗು ತೋಡ್ರಿ, ಎರಿ ಮಣ್ಣು ಪೂರ್ತಿ ಹೊರಗ ಹಾಕ್ರಿ. ತಳಕ್ಕ ಆರು ಇಂಚು ಖಡಿ ಹಾಕಿದ್ರ ನೀರು ಬುಡದಾಗ ನಿಲ್ಲೂದಿಲ್ಲ. ಆಮ್ಯಾಲ ಗರಸು, ಆರಾರು ಇಂಚಿಗೊಮ್ಮೆ ನೀರು ಹೊಡದು ಜಡೀರಿ.

ಅಡ್ಡ ಕಟ್ಟಿಗಿ ಎರಡು ಬೇಕು, ಇದರಾಗ ಭಾಳ ಮಂದಿ ತಪ್ಪು ಮಾಡ್ತಾರ. ಗುದ್ದಿದಾಗ ಕಂಬದ ತುದಿ ಹಿಂದಕ್ಕ ಹೋಗತೈತಿ, ನೆಲದ ಮಟ್ಟದ ಭಾಗಾನೂ ಹಿಂದಕ್ಕ ಒತ್ತತೈತಿ, ಬುಡ ಮಾತ್ರ ಮುಂದಕ್ಕ ಒದೀತೈತಿ. ಹಂಗಾಗಿ ಮ್ಯಾಲಿನ ಅಡ್ಡ ಕಟ್ಟಿಗಿ ಕಂಬದ ಹಿಂದ, ಕೆಳಗಿಂದು ಕಂಬದ ಮುಂದ, ಅಂದ್ರ ಗುದ್ದೋ ಮನಿಷ್ಯಾ ನಿಂತ ಕಡೆ. ಉಲ್ಟಾ ಇಟ್ರ ಅವು ಇದ್ದೂ ಇಲ್ಲದ್ಹಂಗ. ಸೀದಾ ಕಾಂಕ್ರೀಟ್ ಸುರಿಯೂದು ಬ್ಯಾಡ್ರಿ, ಕಾಂಕ್ರೀಟಿನ ಅಂಚಿನ್ಯಾಗ ನೀರು ನಿಂತು ಕಟ್ಟಿಗಿ ಕೊಳತು ಸರಿಯಾಗಿ ಅಲ್ಲೇ ಮುರೀತೈತಿ. ನೆಲದಾಗ ಹೋಗೋ ಭಾಗಕ್ಕ, ಮತ್ತ ಅದರ ಮ್ಯಾಲ ನಾಲ್ಕು ಇಂಚು, ಡಾಂಬರು ಬಳೀರಿ, ಗೆದ್ದಲಿಗೂ ಅದ ಮದ್ದು.

ಮೆತ್ತಿ ಹಳೇ ಕಾಲಕ್ಕ ಬತ್ತದ ಹುಲ್ಲಿನ ಹಗ್ಗ ಸುತ್ತಿದ್ದು. ಬತ್ತದ ಹುಲ್ಲು ಕಲಘಟಗಿ, ಅಳ್ನಾವರ ಕಡೆ ಸಿಗತೈತಿ. ಜ್ವಾಳದ ಕಣಕಿ ನಡೆಯೂದಿಲ್ಲ, ಸೀಳಿ ಚರ್ಮಕ್ಕ ಚುಚ್ಚತೈತಿ. ತೆಂಗಿನ ನಾರಿನ ಹಗ್ಗ ಬೆರಳಿನ ಗೆಣ್ಣಿನ ಚರ್ಮ ಕೆತ್ತತೈತಿ. ಪುಂಡಿ ನಾರಿನ ಹಗ್ಗ ನೆನಸಿ ಬಿಗಿಯಾಗಿ ಸುತ್ತಿ ಒಣಗಿಸಿದ್ರ ಚಲೋ. ಎತ್ತರ, ಗುದ್ದೋ ನಿಲುವಿನ್ಯಾಗ ನಿಂತಾಗ ಎದಿಗೂಡಿನ ಕೆಳಗಿನ ತಗ್ಗಿನ ಮಟ್ಟ.

ತೋರ್ಬೆರಳು ಮತ್ತ ನಡುಬೆರಳಿನ ಗೆಣ್ಣಷ್ಟ ತಾಗಬೇಕು. ಕಿರುಬೆರಳಿನ ಕಡೆ ತಾಗಿದ್ರ ಅಂಗೈಯಾಗಿನ ಎಲುಬು ಮುರೀತೈತಿ. ಹೊಸಬರಿಗೆ ಒಂದೊಂದು ಕೈಗೆ 20, ಅರ್ಧ ಬಲದಾಗ, ದಿನಾ ಅಲ್ಲ, ದಿನ ಬಿಟ್ಟು ದಿನ. ಚರ್ಮ ಸುಲಿದ್ರ ಆರೋತನಕ ಬಂದ್. ನಿಮ್ಮ 8ರಿಂದ 14ರ ಮಕ್ಕಳಿಗೆ ಮಾಕಿವಾರಾ ತೋರಿಸ್ರಿ, ಗುದ್ದಿಸಬ್ಯಾಡ್ರಿ. ಅವರ ಎಲುಬಿನ ತುದಿ ಇನ್ನೂ ಬೆಳೆಯೂದಿರತೈತಿ.

ಸಾಧನಕೇರಿ_ದಂಡಿ

ಯಾವುದು ಯಾರದು ಅನ್ನೋ ಪ್ರಶ್ನೆ ಉಳೀತು.

ಕರಿ ಬೆಲ್ಟು: ದಾನ್ ಅನ್ನೋ ದರ್ಜೆ ಪದ್ಧತಿ ಕಾನೊ ಅವರ ಜುಡೊದ್ದು. ಫುನಾಕೋಶಿ ಅದನ್ನ ಕರಾಟೆಗೆ ತಂದು 1924ರಲ್ಲಿ ಏಳು ಮಂದಿಗೆ ಮೊದಲ ಸಲ ಕೊಟ್ರು. ಅಂಗೀನೂ ಜುಡೊ ಅಂಗಿಯನ್ನ ಹಗುರ ಮಾಡಿ ಮಾಡಿದ್ದು. ಅದೇ 1924ರಲ್ಲಿ ಕೇಯೊ ವಿಶ್ವವಿದ್ಯಾಲಯದಾಗ ಕ್ಲಬ್ ಶುರುವಾತು. ಕರಾಟೆ ಜಗತ್ತಿಗೆಲ್ಲಾ ಹಬ್ಬಿದ ದಾರಿ ಅದ, ಕಾಲೇಜ್ ಕ್ಲಬ್.

ಹೆಸರಿನ ಅಕ್ಷರ: ಮೊದಲು "ಕರಾ" ಅಂದ್ರ ಚೀನಾ ಅನ್ನೋ ಅರ್ಥದ ಅಕ್ಷರ ಇತ್ತು, ಅವರು "ಬರಿದು" ಅನ್ನೋ ಅಕ್ಷರ ಬಳಕೆಗೆ ತಂದ್ರು, ಉಚ್ಚಾರ ಒಂದೇ. ಖರೆ ಆ ಅಕ್ಷರ ಅವರೇ ಮೊದಲು ಬರದದ್ದಲ್ಲ, 1905ರಲ್ಲೇ ಹಾನಾಶಿರೊ ಚೊಮೊ ಬರದಿದ್ರು. "ಬಳಕೆಗೆ ತಂದರು" ಅಂತ ಬರೀರಿ.

ಶೊಟೊಕಾನ್: ಅದು ಕಟ್ಟಡದ ಹೆಸರು. ಶೊಟೊ ಅಂದ್ರ ಅವರ ಕಾವ್ಯನಾಮ, ಪೈನ್ ಮರದ ತೋಪಿನ್ಯಾಗ ಗಾಳಿ ಬೀಸಿದಾಗ ಏಳೋ ಅಲಿ. ಬೇಂದ್ರೆಯವರಿಗೆ ಅಂಬಿಕಾತನಯದತ್ತ ಇದ್ಹಂಗ. ಕಾನ್ ಅಂದ್ರ ಮನಿ. ಶಿಷ್ಯರು ರೊಕ್ಕಾ ಕೂಡಿಸಿ 1939ರಲ್ಲಿ ಟೋಕಿಯೊದಾಗ ಕಟ್ಟಿಸಿ ಆ ಫಲಕ ಹಾಕಿದ್ರು, 1945ರ ಬಾಂಬ್ ದಾಳಿಯೊಳಗ ಅದು ಸುಟ್ಟುಹೋತು. ತಮ್ಮ ಕಲಿಕೆಗೆ ಒಂದು ಶೈಲಿ ಅಂತ ಹೆಸರಿಡೋದು ಅವರಿಗೆ ಬೇಕಿರಲಿಲ್ಲ. ಹುಲಿ ಚಿತ್ರ ಕಲಾವಿದ ಕೊಸುಗಿ ಹೋಆನ್ ಅವರದು, ಪುಸ್ತಕದ ಹೊದಿಕೆಗೆ ಬಿಡಿಸಿದ್ದು. ಮನಿತನದ ಪುರಾತನ ಲಾಂಛನ ಅಲ್ಲ.

ದೋಜೊ ಕುನ್: ಐದು ಸಾಲು ಅವರದೇ ಅಂತ ಖಡಾಖಂಡಿತ ಹಾಕಬ್ಯಾಡ್ರಿ. ಅವರದು ಅಂತ ಧೈರ್ಯದಿಂದ ಹಾಕಬಹುದಾದ್ದು 1938ರಲ್ಲಿ ಅಚ್ಚಾದ ಇಪ್ಪತ್ತು ಸೂತ್ರ. ಅದರೊಳಗಿನ 11ನೇದು ಮಕ್ಕಳಿಗೆ ಹೇಳಿ ಮಾಡಿಸಿದ್ಹಂಗ ಅದ: ಕರಾಟೆ ಬಿಸಿನೀರು ಇದ್ಹಂಗ, ಉರಿ ಹಾಕ್ಕೋತ ಇರದಿದ್ರ ಮತ್ತ ತಣ್ಣೀರು. 2ನೇದು, ಕರಾಟೆಯೊಳಗ ಮೊದಲ ಏಟು ಇಲ್ಲ. ಇದನ್ನ ಕಾಮಾಕುರಾದ ಎಂಗಾಕುಜಿ ಗುಡಿಯೊಳಗಿನ ಅವರ ಸ್ಮಾರಕದ ಕಲ್ಲಿನ ಮ್ಯಾಲೂ ಕೆತ್ತ್ಯಾರ.

ಕಟಾ_ಹಾವೇರಿ

ನಿಲುವಿನ ಎತ್ತರಕ್ಕೆ ಉತ್ತರ ಅದೇ ಇಪ್ಪತ್ತು ಸೂತ್ರದಲ್ಲಿದೆ. 17ನೆಯದು: ಕಟ್ಟುನಿಟ್ಟಿನ ನಿಲುವು ಹೊಸಬರಿಗೆ, ಮುಂದೆ ಸಹಜ ನಿಲುವು. ಫೋಟೋದಲ್ಲಿರುವುದು ಹಣ್ಣಾದ ದೇಹ, ಅದೂ ಓಕಿನಾವಾದ ಎತ್ತರದ ನಿಲುವಿನಲ್ಲಿ ಬೆಳೆದದ್ದು. ಈಗಿನ ತಗ್ಗು, ಉದ್ದ ನಿಲುವುಗಳು, ಪಕ್ಕಕ್ಕೆ ಚಾಚುವ ಒದೆತ, ಮವಾಶಿ-ಗೆರಿ (ಸುತ್ತು ಒದೆತ), ಇವೆಲ್ಲ ಹೆಚ್ಚಾಗಿ ಅವರ ಮಗ ಯೊಶಿತಾಕಾ ಅವರ ಖಾತೆಗೆ ಹೋಗುತ್ತವೆ. ಅವರು ಕ್ಷಯದಿಂದ 1945ರಲ್ಲಿ ತೀರಿಕೊಂಡರು, ಕಟ್ಟಡ ಸುಟ್ಟ ವರ್ಷವೇ. ಆ ಮೇಲೆ ನಾಕಾಯಾಮಾ ಮಾಸಾತೊಶಿ ಮೊದಲಾದವರು ಜಪಾನ್ ಕರಾಟೆ ಅಸೋಸಿಯೇಷನ್‌ನಲ್ಲಿ ಅದನ್ನು ಪಠ್ಯಕ್ರಮ ಮಾಡಿದರು. ನಿಮ್ಮ ಗ್ರೇಡಿಂಗ್ ಆ ಪಠ್ಯಕ್ರಮದ್ದು, ಆದ್ದರಿಂದ ಮಾರ್ಕ್ಸ್ ಕಡಿಯುವುದು ಸರಿಯೇ. "ಫುನಾಕೋಶಿ ಹೀಗೇ ನಿಲ್ಲಲು ಹೇಳಿದ್ದಾರೆ" ಎನ್ನುವ ಕಾರಣವನ್ನು ಮಾತ್ರ ಪಾಲಕರಿಗೆ ಕೊಡಬೇಡಿ.

ಕುಮಿತೆ ವಿಷಯ ಇನ್ನೂ ನಾಜೂಕು. ಎಣಿಕೆಯ ಮೇಲೆ ಇಬ್ಬರು ಮಾಡುವ ಕುಮಿತೆ ಅವರ ಕಾಲದಲ್ಲಿ ಬಂತು. ಮುಕ್ತ ಕುಮಿತೆ, ಅಂಕದ ಪಂದ್ಯ ಅವರಿಗೆ ಹಿಡಿಸಲಿಲ್ಲ, ಕಟಾ ಕೈಬಿಟ್ಟು ಹುಡುಗರು ಅದರ ಹಿಂದೆ ಬೀಳುತ್ತಾರೆ ಎನ್ನುವುದೂ ಒಂದು ಕಾರಣ. ಅವರ ಶಿಷ್ಯರೇ ಆದ ಓತ್ಸುಕಾ ಹಿರೊನೊರಿ 1930ರ ದಶಕದಲ್ಲಿ ಬೇರೆಯಾಗಿ ವಾದೊ-ರ್‍ಯೂ ಕಟ್ಟಿದರು, ಇಬ್ಬರು ಎದುರುಬದುರು ಮಾಡುವ ಅಭ್ಯಾಸಕ್ಕೆ ಅಲ್ಲಿ ಹೆಚ್ಚು ಜಾಗ. ಜಪಾನ್ ಕರಾಟೆ ಅಸೋಸಿಯೇಷನ್‌ನ ಮೊದಲ ಅಖಿಲ ಜಪಾನ್ ಪಂದ್ಯ ನಡೆದದ್ದು 1957ರಲ್ಲಿ, ಫುನಾಕೋಶಿ ತೀರಿದ ಕೆಲವೇ ತಿಂಗಳಿಗೆ. ಟೋಕಿಯೊ ಒಲಿಂಪಿಕ್ಸ್‌ವರೆಗೆ ಹೋದ ಪಂದ್ಯದ ಕರಾಟೆಯನ್ನು ಅವರ ಕೊಡುಗೆ ಎಂದು ಬರೆದರೆ ಅರ್ಧ ನಿಜ. ದಾರಿ ಅವರದು, ಆ ಬಂಡಿ ಅವರು ಹತ್ತಿದ್ದಲ್ಲ.

ಬೆಟಗೇರಿ_ಡೋಜೊ

ಭಾಳ ಉಪಕಾರ ಆತ್ರಿ. ಫ್ಲೆಕ್ಸಿಗೆ ಹಿಂಗ ಬರದೀನಿ, ನೋಡ್ರಿ:

"ಫುನಾಕೋಶಿ ಗಿಚಿನ್ (1868–1957). ಓಕಿನಾವಾದ ಶುರಿಯಲ್ಲಿ ಜನನ. ಶಾಲಾ ಶಿಕ್ಷಕರು. ಅಸಾಟೊ ಮತ್ತು ಇತೊಸು ಅವರ ಶಿಷ್ಯರು. 1922ರಲ್ಲಿ ಕರಾಟೆಯನ್ನು ಟೋಕಿಯೊಗೆ ಒಯ್ದು ಬೇರೂರಿಸಿದರು. ಹೇಯಾನ್ ಕಟಾಗಳನ್ನು ರಚಿಸಿ ಮಕ್ಕಳಿಗೆ ಕಲಿಸಿದರು. 1939ರಲ್ಲಿ ಶೊಟೊಕಾನ್ ಶೈಲಿಯನ್ನು ಸ್ಥಾಪಿಸಿದರು. ಕರಾಟೆಯಲ್ಲಿ ಮೊದಲ ಏಟು ಇಲ್ಲ."

ಸಾಧನಕೇರಿ_ದಂಡಿ

ಎರಡು ತಿದ್ದಬೇಕು. "ಹೇಯಾನ್ ರಚಿಸಿ" ಹೋಗಿ "ಗುರು ಇತೊಸು ರಚಿಸಿದ ಪಿನಾನ್‌ಗಳಿಗೆ ಹೇಯಾನ್ ಎಂದು ಹೆಸರಿಟ್ಟು, ಮೊದಲೆರಡರ ಕ್ರಮ ಬದಲಿಸಿದರು" ಆಗ್ಲಿ. "ಶೈಲಿಯನ್ನು ಸ್ಥಾಪಿಸಿದರು" ಹೋಗಿ "ಶಿಷ್ಯರು 1939ರಲ್ಲಿ ಶೊಟೊಕಾನ್ ಎಂಬ ಡೋಜೊ ಕಟ್ಟಿಸಿದರು" ಆಗ್ಲಿ. ಫೋಟೋ ವಾಟ್ಸಾಪ್‌ನಿಂದ ತಗದದ್ದು ಹಾಕಬ್ಯಾಡ್ರಿ, ಆರಡಿಗೆ ಹಿಗ್ಗಿಸಿದ್ರ ಮಾರಿನೇ ಕಾಣೂದಿಲ್ಲ. ಉದ್ದ ಕಡೆ ಐದು ಸಾವಿರ ಪಿಕ್ಸೆಲ್ ಇಲ್ಲದಿದ್ರ ಫೋಟೋ ಒಂದೂವರಿ ಅಡಿಗಷ್ಟ ಇಟ್ಟು ಉಳಿದ ಜಾಗಾ ಅಕ್ಷರಕ್ಕ ಬಿಡ್ರಿ.

ಗರಡಿ_ಮಂದಿ_ಹುಬ್ಬಳ್ಳಿ

ಕಂಬಾನ ನವೆಂಬರಿನ್ಯಾಗ ನೆಟ್ರ ಮಣ್ಣಿನ ಹಸಿ ಇನ್ನೂ ಪೂರ್ತಿ ಆರಿರೂದಿಲ್ಲ, ಜನವರಿಗೆ ಸುತ್ತ ಒಮ್ಮೆ ಸಂದು ನೋಡಿ ಗರಸು ತುಂಬಿ ಮತ್ತ ಜಡೀರಿ. ಕಾರ್ಯಕ್ರಮದ ದಿನ ಕಂಬದ ಸುತ್ತ ಹಗ್ಗ ಕಟ್ರಿ. ಬ್ಯಾಡ ಅಂದ್ರ ಗುದ್ದೋರು ಮಕ್ಕಳಲ್ಲ, ಜೊತಿ ಬಂದ ಕಾಕಾಗಳು.